ಕವರಿನ ಮೇಲಿನ ತಾರೀಖು

ಅಮೆರಿಕದ ಕಾನೂನು ಕಾಲೇಜುಗಳಲ್ಲಿ ಬೇಸಿಗೆ ರಜೆ ಎಂದರೆ ಹೆಸರಿಗಷ್ಟೇ ರಜೆ. ಮೇ ಕೊನೆಯಿಂದ ಆಗಸ್ಟ್ ಆರಂಭದವರೆಗೆ ಸುಮಾರು ಹತ್ತು ವಾರ ವಿದ್ಯಾರ್ಥಿಗಳು ಎಲ್ಲಾದರೂ ಕೆಲಸಕ್ಕೆ ಸೇರಿಕೊಳ್ಳುತ್ತಾರೆ. ಅವರಲ್ಲಿ ಕೆಲವರು ಸಾರ್ವಜನಿಕ ಆರೋಗ್ಯ ವಿಮೆಯ ಕಾನೂನು ಫೆಲೋಶಿಪ್ ಹಿಡಿದು ಬಡವರ ಪರ ವಕೀಲಿಕೆ ಮಾಡುವ ಸಂಸ್ಥೆಗಳಿಗೆ ಬರುತ್ತಾರೆ. ಬರುವಾಗ ತಲೆಯ ತುಂಬ ಸಂವಿಧಾನ, ಸುಪ್ರೀಂ ಕೋರ್ಟು, ಹಕ್ಕುಗಳ ಚರಿತ್ರೆ. ಮೊದಲ ದಿನ ಮೇಜಿನ ಮೇಲೆ ಬಂದು ಬೀಳುವುದು ಮಾತ್ರ ಮೂರು ಹಾಳೆಯ ಒಂದು ನೋಟಿಸು, ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡಿನ ಬಗ್ಗೆ: 'ನಿಮ್ಮ ಮೆಡಿಕೇಡ್ ಈ ತಿಂಗಳ ಕೊನೆಗೆ ರದ್ದಾಗುತ್ತದೆ.'

ಹತ್ತು ವಾರದಲ್ಲಿ ಆ ಮೂರು ಹಾಳೆಗಳನ್ನು ಸರಿಯಾಗಿ ಓದಲು ಕಲಿತರೆ ಬೇಸಿಗೆ ದಂಡವಾಗಲಿಲ್ಲ ಎಂದೇ ನನ್ನ ಎಣಿಕೆ. ಈ ಕ್ಷೇತ್ರದಲ್ಲಿ ಜನರ ಹಕ್ಕು ಕಳೆದುಹೋಗುವುದೂ ಅಲ್ಲೇ, ಮರಳಿ ಸಿಗುವುದೂ ಅಲ್ಲೇ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಒಂದೇ ಕಾನೂನಿನಿಂದ ಎರಡು ಯೋಜನೆಗಳು ಹುಟ್ಟಿದವು. ಮೆಡಿಕೇರ್ ಮುಖ್ಯವಾಗಿ 65 ತುಂಬಿದವರಿಗೆ ಮತ್ತು ಕೆಲವು ಅಂಗವಿಕಲರಿಗೆ; ಅದನ್ನು ನಡೆಸುವುದು ಕೇಂದ್ರ ಸರ್ಕಾರ. ಮೆಡಿಕೇಡ್ ಕಡಿಮೆ ಆದಾಯದವರಿಗೆ. ಅದರ ದುಡ್ಡು ಕೇಂದ್ರದ್ದೂ ಹೌದು, ರಾಜ್ಯದ್ದೂ ಹೌದು, ಆಡಳಿತ ರಾಜ್ಯದ್ದು. ಮಕ್ಕಳಿಗೆಂದೇ ಚಿಪ್ ಎಂಬ ಯೋಜನೆ 1997ರಲ್ಲಿ ಬಂತು. ರಾಜ್ಯದಿಂದ ರಾಜ್ಯಕ್ಕೆ ಹೆಸರೂ ಬದಲು: ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್, ಟೆನೆಸಿಯಲ್ಲಿ ಟೆನ್‌ಕೇರ್, ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್‌ಹೆಲ್ತ್. ಇದರ ಮೇಲೆ ರಾಜ್ಯದ ಪರವಾಗಿ ವಿಮೆ ನಡೆಸುವ ಖಾಸಗಿ ಕಂಪನಿಯ ಹೆಸರು ಬೇರೆ. ಹಾಗಾಗಿ ಫೋನ್ ಮಾಡಿದವರಿಗೆ ತಮ್ಮ ವಿಮೆ ಯಾವುದೆಂದು ಗೊತ್ತಿರುವುದಿಲ್ಲ. ಕಾರ್ಡಿನ ಮೇಲಿದ್ದ ಕಂಪನಿಯ ಹೆಸರು ಹೇಳುತ್ತಾರೆ. ಕಾರ್ಡಿನ ಎರಡೂ ಮಗ್ಗುಲಿನ ಫೋಟೋ ತರಿಸಿಕೊಳ್ಳದೆ ಸಲಹೆ ಕೊಡಲು ಹೊರಟರೆ ಇಡೀ ವಾರದ ಓದು ಬೇರೆ ಯೋಜನೆಯ ನಿಯಮಗಳ ಮೇಲೆ ಖರ್ಚಾಗಿರುತ್ತದೆ.

ಇನ್ನು ನೋಟಿಸಿಗೆ ಬರೋಣ. ಕೇಂದ್ರ ನಿಯಮಾವಳಿಯ 42ನೇ ಶೀರ್ಷಿಕೆಯ 431.210ನೇ ಕಲಮು ಅದರಲ್ಲಿ ಏನೇನಿರಬೇಕು ಎಂದು ಹೇಳುತ್ತದೆ. ಇಲಾಖೆ ಏನು ಮಾಡಲಿದೆ, ಯಾವ ದಿನದಿಂದ. ಅದಕ್ಕೆ ನಿರ್ದಿಷ್ಟ ಕಾರಣವೇನು. ಆಧಾರವಾಗಿರುವ ನಿಯಮ ಯಾವುದು. ವಿಚಾರಣೆ (ಕೋರ್ಟಿನಲ್ಲಲ್ಲ, ಇಲಾಖೆಯ ಮಟ್ಟದಲ್ಲೇ ನಡೆಯುವುದು) ಕೇಳುವ ಹಕ್ಕು ಹೇಗೆ. ವಿಚಾರಣೆ ಕೇಳಿದರೆ ಸೌಲಭ್ಯ ಯಾವ ಸಂದರ್ಭದಲ್ಲಿ ಮುಂದುವರಿಯುತ್ತದೆ. ಹೊಸಬರು ನೋಟಿಸನ್ನು ಮೇಲಿನಿಂದ ಕೆಳಗೆ ಒಂದು ಪತ್ರದಂತೆ ಓದುತ್ತಾರೆ. ಅದನ್ನು ಈ ಕಲಮನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಅಂಶಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಓದಬೇಕು. 'ನೀವು ಅರ್ಹತೆಯ ಷರತ್ತುಗಳನ್ನು ಪೂರೈಸಿಲ್ಲ' ಎಂಬುದು ಕಾರಣವೇ ಅಲ್ಲ. ಯಾವ ಷರತ್ತು? ಆದಾಯ ಹೆಚ್ಚೆಂದೇ? ಹಾಗಿದ್ದರೆ ಎಷ್ಟು ಆದಾಯ ಎಂದು ಲೆಕ್ಕ ಹಿಡಿದರು, ಮಿತಿ ಎಷ್ಟು? ಇದಾವುದೂ ಇಲ್ಲದ ನೋಟಿಸೇ ವಾದಕ್ಕೆ ಮೊದಲ ಹಿಡಿಕೆ.

ಆಮೇಲೆ ತಾರೀಖುಗಳು. ಇಲ್ಲಿ ಎರಡು ಗಡುವುಗಳು ಒಟ್ಟಿಗೆ ಓಡುತ್ತಿರುತ್ತವೆ. ಕಣ್ಣಿಗೆ ಬೀಳುವುದು ದೊಡ್ಡದು: ವಿಚಾರಣೆ ಕೇಳಲು ರಾಜ್ಯಗಳು ಸಕಾರಣವಾದ ಅವಧಿ ಕೊಡಬೇಕು, ಅದು ನೋಟಿಸು ಅಂಚೆಗೆ ಬಿದ್ದ ದಿನದಿಂದ 90 ದಿನ ಮೀರುವಂತಿಲ್ಲ. ಎಷ್ಟೋ ಕಡೆ 90 ದಿನವೇ ಇದೆ, ಕೆಲವೆಡೆ ಕಡಿಮೆ. ಚಿಕ್ಕ ಗಡುವು ಮಾತ್ರ ಸದ್ದಿಲ್ಲದೆ ಮುಗಿದುಹೋಗುತ್ತದೆ. ಇರುವ ಸೌಲಭ್ಯವನ್ನು ನಿಲ್ಲಿಸುವ ಮೊದಲು ಇಲಾಖೆ ಸಾಮಾನ್ಯವಾಗಿ ಕನಿಷ್ಠ 10 ದಿನ ಮುಂಚೆ ನೋಟಿಸು ಕಳಿಸಬೇಕು. ಆ ಕ್ರಮ ಜಾರಿಗೆ ಬರುವ ದಿನಕ್ಕೆ ಮೊದಲೇ ವಿಚಾರಣೆ ಕೇಳಿದರೆ, ತೀರ್ಪು ಬರುವ ತನಕ ಸೌಲಭ್ಯ ಇದ್ದಂತೆಯೇ ಇರಬೇಕು. ಆ ದಿನ ದಾಟಿದ ಮೇಲೂ ವಿಚಾರಣೆ ಸಿಗುತ್ತದೆ, ಆದರೆ ಅಷ್ಟರಲ್ಲಿ ಇನ್ಸುಲಿನ್ ನಿಂತಿರುತ್ತದೆ, ಡಯಾಲಿಸಿಸ್‌ಗೆ ಕರೆದೊಯ್ಯುವ ವಾಹನ ಬರುವುದು ನಿಂತಿರುತ್ತದೆ. '90 ದಿನ ಇದೆಯಲ್ಲ' ಎಂದು ಫೈಲನ್ನು ಮುಂದಿನ ವಾರಕ್ಕೆ ಎತ್ತಿಟ್ಟ ವಿದ್ಯಾರ್ಥಿ ಇಲ್ಲಿಯೇ ಎಡವುತ್ತಾರೆ. ಅದು ಓದಿನ ಕೊರತೆಯಿಂದ ಆಗುವ ತಪ್ಪಲ್ಲ, ಎರಡು ಗಡುವುಗಳನ್ನು ಒಂದೇ ಎಂದುಕೊಳ್ಳುವುದರಿಂದ ಆಗುವುದು.

ಕವರನ್ನು ಎಸೆಯಬೇಡಿ ಎಂದು ಕಕ್ಷಿದಾರರಿಗೆ ಮೊದಲ ಫೋನಿನಲ್ಲೇ ಹೇಳಿ. ನೋಟಿಸಿನ ತಲೆಯಲ್ಲಿ 3ನೇ ತಾರೀಖು ಎಂದಿದ್ದು, ಕವರಿನ ಮೇಲಿನ ಅಂಚೆ ಮುದ್ರೆ 9 ಎಂದಿದ್ದರೆ 10 ದಿನದ ಲೆಕ್ಕವೇ ತಪ್ಪುತ್ತದೆ. ನೋಟಿಸು ಸಕಾಲಕ್ಕೆ ಬಂದಿಲ್ಲ ಎಂಬ ವಾದಕ್ಕೆ ಆ ಕವರೇ ಸಾಕ್ಷಿ. ವಿಚಾರಣೆಯ ಮನವಿಯನ್ನು ಫೋನಿನಲ್ಲಿ ಮಾಡಿದರೆ ಮಾತಾಡಿದ ಹೊತ್ತು, ಸಿಬ್ಬಂದಿ ಹೇಳಿದ ಹೆಸರು, ದೃಢೀಕರಣ ಸಂಖ್ಯೆ ಬರೆದಿಡಬೇಕು. ಫ್ಯಾಕ್ಸ್ ಮಾಡಿದರೆ ಹೋಯಿತೆಂಬ ಚೀಟಿಯನ್ನು ಫೈಲಿಗೆ ಸೇರಿಸಬೇಕು. ಅಲ್ಲಿ ಫ್ಯಾಕ್ಸ್ ಇನ್ನೂ ಬದುಕಿದೆ.

ಒಂದು ಎಚ್ಚರಿಕೆಯನ್ನು ಕಕ್ಷಿದಾರರಿಂದ ಮುಚ್ಚಿಡಬಾರದು. ಸೌಲಭ್ಯ ಮುಂದುವರಿಸಿಕೊಂಡು ಕೊನೆಗೆ ವಿಚಾರಣೆಯಲ್ಲಿ ಸೋತರೆ, ಆ ಅವಧಿಯ ಖರ್ಚನ್ನು ವಾಪಸು ಕೇಳಲು ನಿಯಮ ರಾಜ್ಯಕ್ಕೆ ಅವಕಾಶ ಕೊಡುತ್ತದೆ. ಅದನ್ನು ತಿಳಿದ ಮೇಲೆ ಮುಂದುವರಿಸಬೇಕೋ ಬೇಡವೋ ಎಂಬ ತೀರ್ಮಾನ ಅವರದು, ಫೆಲೋ ಅವರದಲ್ಲ.

ಸೌಲಭ್ಯ ಕಿತ್ತುಕೊಳ್ಳುವ ಮೊದಲು ಕೇಳಬೇಕು ಎಂಬ ಈ ಕಟ್ಟಳೆ ತಾನಾಗಿ ಬಂದದ್ದಲ್ಲ. ನ್ಯೂಯಾರ್ಕಿನಲ್ಲಿ ಸರ್ಕಾರದ ನೆರವು ನಿಂತುಹೋದ ಜನ ಹೂಡಿದ ದಾವೆಯಲ್ಲಿ, 1970ರ ಗೋಲ್ಡ್‌ಬರ್ಗ್-ಕೆಲ್ಲಿ ತೀರ್ಪಿನಲ್ಲಿ, ನೆರವು ನಿಲ್ಲಿಸುವ ಮುನ್ನವೇ ವಿಚಾರಣೆ ಆಗಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಬದುಕಿನ ಬುಡವೇ ಹೋದವನು ಹೊಟ್ಟೆಪಾಡು ನೋಡಿಕೊಳ್ಳುತ್ತಾನೆಯೇ ಹೊರತು ಕಚೇರಿಯೊಂದಿಗೆ ಹೋರಾಡಲು ಅವನಿಗೆ ಎಲ್ಲಿಯ ತ್ರಾಣ ಎಂಬುದು ಅದರ ತಿರುಳು. ಮೆಡಿಕೇಡಿನ ವಿಚಾರಣಾ ನಿಯಮಗಳನ್ನು ಆ ತೀರ್ಪಿನ ಅಳತೆಗೇ ಹೊಲಿಯಲಾಗಿದೆ.

ನೋಟಿಸು ರಾಜ್ಯದಿಂದ ಬರದೆ ಖಾಸಗಿ ವಿಮಾ ಕಂಪನಿಯಿಂದ ಬಂದಿದ್ದರೆ ಗಡಿಯಾರವೇ ಬೇರೆ. 'ಈ ಚಿಕಿತ್ಸೆಗೆ ಒಪ್ಪಿಗೆ ಇಲ್ಲ' ಎಂದು ಕಂಪನಿ ಹೇಳಿದಾಗ ಮೊದಲು ಅದೇ ಕಂಪನಿಗೆ ಮೇಲ್ಮನವಿ ಸಲ್ಲಿಸಬೇಕು, ನೋಟಿಸಿನ ದಿನದಿಂದ 60 ದಿನದೊಳಗೆ. ಕಂಪನಿ ಸಾಮಾನ್ಯ ಮೇಲ್ಮನವಿಯನ್ನು 30 ದಿನದಲ್ಲಿ, ತುರ್ತಿನದನ್ನು 72 ಗಂಟೆಯಲ್ಲಿ ಇತ್ಯರ್ಥ ಮಾಡಬೇಕು. ಅದರಲ್ಲೂ ಸೋತರೆ ರಾಜ್ಯದ ವಿಚಾರಣೆಗೆ ಹೋಗಬಹುದು; ಅದರ ಗಡುವು ರಾಜ್ಯಕ್ಕೆ ತಕ್ಕಂತೆ 90ರಿಂದ 120 ದಿನ. ಮೊದಲ ಮೆಟ್ಟಿಲು ಹತ್ತದೆ ಎರಡನೆಯದಕ್ಕೆ ನೇರ ಕಾಲಿಟ್ಟರೆ ಮನವಿ ತಿರುಗಿ ಬರುತ್ತದೆ. ತಿರುಗಿ ಬರುವಷ್ಟರಲ್ಲಿ 60 ದಿನ ಮುಗಿದಿರುತ್ತದೆ. ಕಂಪನಿಯೇ ತನ್ನ ಗಡುವು ಮೀರಿದರೆ ಮೊದಲ ಮೆಟ್ಟಿಲು ಹತ್ತಿದಂತೆಯೇ ಲೆಕ್ಕ, ಇದನ್ನು ಬಳಸಿಕೊಳ್ಳುವವರು ಕಡಿಮೆ. ನಡೆಯುತ್ತಿದ್ದ ಸೇವೆಯನ್ನು ಕಡಿತ ಮಾಡಿದ್ದರೆ ಇಲ್ಲೂ ಒಂದು ಸಣ್ಣ ಗಡುವು ಇದೆ: ನೋಟಿಸು ಕಳಿಸಿದ 10 ದಿನದೊಳಗೆ ಅಥವಾ ಕಡಿತ ಜಾರಿಯಾಗುವ ದಿನದೊಳಗೆ, ಯಾವುದು ತಡವೋ ಅಷ್ಟರಲ್ಲಿ, ಸೇವೆ ಮುಂದುವರಿಸಿ ಎಂದು ಬಾಯಿಬಿಟ್ಟು ಕೇಳಬೇಕು. ಮೇಲ್ಮನವಿ ಹಾಕಿದ್ದೇವೆ, ಅದು ತಾನಾಗಿ ಮುಂದುವರಿಯುತ್ತದೆ ಎಂದು ನಂಬಿ ಕೂರಬಾರದು.

ಆದಾಯದ ಲೆಕ್ಕ ನೀರಸ ಎನಿಸಬಹುದು, ಆದರೆ ಗೆಲುವುಗಳು ಹೆಚ್ಚಾಗಿ ಸಿಗುವ ಜಾಗ ಇದು. 2010ರ ಆರೋಗ್ಯ ಕಾನೂನಿನ ಪ್ರಕಾರ ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳಲ್ಲಿ ವಯಸ್ಕರ ಮಿತಿ ಬಡತನ ರೇಖೆಯ ಶೇ. 133; ಅದಕ್ಕೆ ಶೇ. 5ರ ರಿಯಾಯಿತಿ ಸೇರಿ 138 ಆಗುತ್ತದೆ. ವಿಸ್ತರಣೆ ರಾಜ್ಯಗಳ ಇಚ್ಛೆಗೆ ಬಿಟ್ಟದ್ದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದ್ದರಿಂದ ಎಲ್ಲ ರಾಜ್ಯಗಳಲ್ಲೂ ಇದು ಇಲ್ಲ. 2025ರ ಬಡತನ ರೇಖೆ ಒಬ್ಬರಿಗೆ ವರ್ಷಕ್ಕೆ 15,650 ಡಾಲರ್; ಅಂದರೆ ಮಿತಿ ತಿಂಗಳಿಗೆ ಸುಮಾರು 1,800. ಈಗ ಎರಡು ವಾರಕ್ಕೊಮ್ಮೆ 800 ಡಾಲರ್ ಸಂಬಳ ಬರುವ ಒಬ್ಬರನ್ನು ತೆಗೆದುಕೊಳ್ಳಿ. ವರ್ಷಕ್ಕೆ 26 ಸಂಬಳ, 12ರಿಂದ ಭಾಗಿಸಿದರೆ ತಿಂಗಳಿಗೆ 1,733. ಅರ್ಹರು. ಆದರೆ ವರ್ಷದಲ್ಲಿ ಎರಡು ತಿಂಗಳು ಮೂರು ಮೂರು ಸಂಬಳ ಬೀಳುತ್ತವೆ. ಅಂಥ ತಿಂಗಳ ಚೀಟಿಗಳನ್ನು ಸುಮ್ಮನೆ ಕೂಡಿಸಿದರೆ 2,400. ಅನರ್ಹರು ಎಂಬ ನೋಟಿಸು ಸಿದ್ಧ. ಫೈಲಿನಲ್ಲಿ ಯಾವ ಚೀಟಿಗಳನ್ನು ಹಿಡಿದರು, ಯಾವ ಗುಣಕ ಬಳಸಿದರು ಎಂದು ನೋಡಿದರೆ ತಪ್ಪು ಹತ್ತು ನಿಮಿಷದಲ್ಲಿ ಹೊರಬರುತ್ತದೆ. ಹಾಗೆಯೇ ಮಗುವಿನ ಪೋಷಣೆಗೆಂದು ಬರುವ ಜೀವನಾಂಶ, ಬಡ ವೃದ್ಧರಿಗೆ ಮತ್ತು ಅಂಗವಿಕಲರಿಗೆ ಕೇಂದ್ರ ಕೊಡುವ ಎಸ್‌ಎಸ್‌ಐ ನೆರವು, ಇವು ಈ ಲೆಕ್ಕದಲ್ಲಿ ಸೇರಲೇಬಾರದು, ಸೇರಿಸಿರುತ್ತಾರೆ. 19 ತುಂಬದ ಮಕ್ಕಳಿಗಂತೂ 2024ರ ಜನವರಿಯಿಂದ 12 ತಿಂಗಳ ಅರ್ಹತೆ ಅಲುಗಾಡುವಂತಿಲ್ಲ. ನಡುವೆ ಅಪ್ಪ ಅಮ್ಮನ ಸಂಬಳ ಹೆಚ್ಚಿತೆಂದು ಮಗುವನ್ನು ಕೈಬಿಟ್ಟಿದ್ದರೆ ಅದು ನೇರ ತಪ್ಪು.

ಕಾಗದದ ಕೆಲಸದಿಂದಲೇ ಎಷ್ಟು ಜನ ಹೊರಬೀಳಬಹುದು ಎಂಬುದನ್ನು ಆ ದೇಶ ಇತ್ತೀಚೆಗೆ ಕಂಡಿದೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಿಂದ, ರಾಜ್ಯಗಳು ಯಾರನ್ನೂ ಮೆಡಿಕೇಡಿನಿಂದ ತೆಗೆಯುವಂತಿರಲಿಲ್ಲ. ಆ ರಕ್ಷಣೆ 2023ರ ಮಾರ್ಚ್ 31ಕ್ಕೆ ಮುಗಿಯಿತು. ಆಮೇಲೆ ನಡೆದ ಮರುಪರಿಶೀಲನೆಯಲ್ಲಿ ಎರಡು ಕೋಟಿಗೂ ಹೆಚ್ಚು ಜನ ಹೊರಬಿದ್ದರು. ಅವರಲ್ಲಿ ಬಹುಪಾಲು ಜನ ಅನರ್ಹರೆಂದು ಸಾಬೀತಾಗಿ ಹೋದವರಲ್ಲ. ಫಾರಂ ವಾಪಸು ಬರಲಿಲ್ಲ, ವಿಳಾಸ ಹಳೆಯದು, ಇಂಥ ಕಾರಣಗಳು. ನಿಯಮದ ಪ್ರಕಾರ ಫಾರಂ ಕಳಿಸುವ ಮೊದಲು ರಾಜ್ಯವೇ ತನ್ನ ಬಳಿ ಇರುವ ಸಂಬಳ, ತೆರಿಗೆ ಮಾಹಿತಿ ನೋಡಿ ನವೀಕರಿಸಲು ಯತ್ನಿಸಬೇಕು. ಹಲವು ರಾಜ್ಯಗಳ ಕಂಪ್ಯೂಟರುಗಳು ಇದನ್ನು ಒಬ್ಬೊಬ್ಬರಿಗೆ ಮಾಡದೆ ಇಡೀ ಮನೆಗೆ ಒಟ್ಟಾಗಿ ಮಾಡುತ್ತಿದ್ದವು. ಮಕ್ಕಳ ಆದಾಯ ಮಿತಿ ದೊಡ್ಡವರದಕ್ಕಿಂತ ಹೆಚ್ಚು. ಅಪ್ಪ ಅನರ್ಹರಾದರೂ ಮಗು ಅರ್ಹವಾಗಿರಬಹುದು. ಆದರೂ ಅಪ್ಪನ ಫಾರಂ ಬರಲಿಲ್ಲವೆಂದು ಮಗುವಿನ ವಿಮೆಯೂ ಹೋಯಿತು. ಕೇಂದ್ರ ಸರ್ಕಾರ ಇದನ್ನು ಹಿಡಿದ ಮೇಲೆ 2023ರ ಸೆಪ್ಟೆಂಬರಿನಲ್ಲಿ ಸುಮಾರು 5 ಲಕ್ಷ ಜನರಿಗೆ ವಿಮೆ ಮರಳಿ ಕೊಡಿಸುವುದಾಗಿ ಹೇಳಿತು. ಒಂದೇ ಮನೆಗೆ ಬಂದ ನೋಟಿಸುಗಳನ್ನು ಪಕ್ಕ ಪಕ್ಕ ಇಟ್ಟು ಓದುವ ಅಭ್ಯಾಸವಿದ್ದವರಿಗೆ ಇಂಥ ತಪ್ಪು ಬೇಗ ಕಾಣುತ್ತದೆ. ಆದ್ದರಿಂದ ಕಕ್ಷಿದಾರರನ್ನು 'ನಿಮ್ಮ ಮನೆಯಲ್ಲಿ ಇನ್ನಾರಿಗೆ ಕಾಗದ ಬಂದಿದೆ?' ಎಂದು ಕೇಳಿ.

ವಿಚಾರಣೆಯ ತಯಾರಿಯಲ್ಲಿ ಫೆಲೋಗಳಿಗೆ ನಿಜವಾದ ಜಾಗವಿದೆ. ಮೆಡಿಕೇಡಿನ ವಿಚಾರಣೆಯಲ್ಲಿ ಫಲಾನುಭವಿ ತಾನೇ ವಾದಿಸಬಹುದು, ಇಲ್ಲವೇ ವಕೀಲ, ಸಂಬಂಧಿ, ಸ್ನೇಹಿತ ಅಥವಾ ಬೇರೆ ವಕ್ತಾರರನ್ನು ಇಟ್ಟುಕೊಳ್ಳಬಹುದು ಎಂದು ಕೇಂದ್ರ ನಿಯಮವೇ ಹೇಳುತ್ತದೆ. ಕೋರ್ಟಿನಲ್ಲಿ ಬಾಯಿ ತೆರೆಯಲು ವಿದ್ಯಾರ್ಥಿಗೆ ವಿಶೇಷ ಅನುಮತಿ ಬೇಕು. ಇಲ್ಲಿ ಹಿರಿಯ ವಕೀಲರ ಮೇಲ್ವಿಚಾರಣೆಯಲ್ಲಿ ಮೊದಲ ವರ್ಷ ಮುಗಿಸಿದವರೂ ಸಾಕ್ಷಿಯನ್ನು ಪ್ರಶ್ನಿಸಬಹುದು. ಆ ಅವಕಾಶ ಕೊಡುವ ಸಂಸ್ಥೆಯೇ ನನ್ನ ಮಟ್ಟಿಗೆ ಒಳ್ಳೆಯ ಸಂಸ್ಥೆ.

ಮೊದಲ ಕೆಲಸ ಇಲಾಖೆಯ ಪೂರ್ತಿ ಫೈಲು ಕೇಳುವುದು. ವಿಚಾರಣೆಗೆ ಮುಂಚೆ ಅದನ್ನು ನೋಡುವ ಹಕ್ಕು ನಿಯಮದಲ್ಲಿದೆ. ಇಲಾಖೆ ಕಳಿಸುವುದು ವಿಚಾರಣೆಗೆಂದು ಕಟ್ಟಿದ ಹತ್ತಿಪ್ಪತ್ತು ಪುಟದ ಕಂತೆ ಮಾತ್ರ. ಅದನ್ನೇ ಫೈಲು ಎಂದುಕೊಳ್ಳಬಾರದು. ಕಂಪ್ಯೂಟರಿನಲ್ಲಿ ಸಿಬ್ಬಂದಿ ಬರೆದ ಟಿಪ್ಪಣಿಗಳು, ಚಿಕಿತ್ಸೆ ನಿರಾಕರಿಸಿದ ವೈದ್ಯಕೀಯ ಪರಿಶೀಲಕರ ಹಾಳೆ, ಅವರು ಬಳಸಿದ ಮಾನದಂಡ, ಇವನ್ನು ಹೆಸರಿಸಿ ಕೇಳಬೇಕು.

ಆಮೇಲೆ ವೈದ್ಯರ ಪತ್ರ. 'ಈ ರೋಗಿಗೆ ಈ ಚಿಕಿತ್ಸೆ ಅಗತ್ಯ' ಎಂಬ ಒಂದು ಸಾಲಿನ ಪತ್ರ ಹೆಚ್ಚಿನ ಸಲ ಸೋಲುತ್ತದೆ. ನಿರಾಕರಣೆಯಲ್ಲಿ ಹೇಳಿದ ಕಾರಣಕ್ಕೆ ಅದು ಉತ್ತರ ಕೊಡುವುದಿಲ್ಲ. ವೈದ್ಯರಿಗೆ ಪುರುಸೊತ್ತಿಲ್ಲ, ಆದ್ದರಿಂದ ನಿರಾಕರಣೆಯ ನೋಟಿಸು, ಮಾನದಂಡದ ಪುಟ ಮತ್ತು ನಾಲ್ಕೈದು ನೇರ ಪ್ರಶ್ನೆ ಕಳಿಸಿ. ಈಗಾಗಲೇ ಏನನ್ನು ಪ್ರಯತ್ನಿಸಿದಿರಿ, ಎಷ್ಟು ಕಾಲ, ಏನಾಯಿತು. ಈ ಸೇವೆ ಇಲ್ಲದಿದ್ದರೆ ಏನಾಗುತ್ತದೆ. ವಾರಕ್ಕೆ 10 ಗಂಟೆ ಸಾಲದೆ 25 ಏಕೆ ಬೇಕು. 21 ವರ್ಷದೊಳಗಿನವರ ಪ್ರಕರಣವಾದರೆ ಪತ್ರದ ಭಾಷೆಯೇ ಬೇರೆ ಇರಬೇಕು. ಅವರಿಗೆ ಕಾನೂನು ವಿಶೇಷ ರಕ್ಷಣೆ ಕೊಟ್ಟಿದೆ: ದೋಷವನ್ನು ಸರಿಪಡಿಸುವ ಸೇವೆಯಷ್ಟೇ ಅಲ್ಲ, ಅದನ್ನು ಸ್ವಲ್ಪ ಸಹನೀಯ ಮಾಡುವ ಸೇವೆಯನ್ನೂ ರಾಜ್ಯ ಕೊಡಬೇಕು, ಅದು ದೊಡ್ಡವರಿಗೆ ರಾಜ್ಯದ ಯೋಜನೆಯಲ್ಲಿ ಇಲ್ಲದಿದ್ದರೂ. 'ಈ ಥೆರಪಿಯಿಂದ ಮಗು ಗುಣವಾಗುವುದಿಲ್ಲ' ಎಂಬ ಕಾರಣಕ್ಕೆ ನಿರಾಕರಿಸಿದ್ದರೆ ಆ ನಿರಾಕರಣೆ ತಪ್ಪು ಅಳತೆಗೋಲು ಹಿಡಿದಿದೆ. ಇರುವ ಶಕ್ತಿ ಕುಂದದಂತೆ ಥೆರಪಿ ತಡೆಯುತ್ತದೆ ಎಂದು ವೈದ್ಯರು ಬರೆದುಕೊಟ್ಟರೆ ಪ್ರಕರಣ ತಿರುಗಬಹುದು.

ಗಂಟೆಗಳ ಕಡಿತದ ಮಾತು ಬಂದಾಗ ಆರ್ಕನ್ಸಾ ರಾಜ್ಯದ ಪ್ರಕರಣವನ್ನು ಫೆಲೋಗಳಿಗೆ ಓದಿಸಲೇಬೇಕು. ಮನೆಯಲ್ಲೇ ಆರೈಕೆ ಪಡೆಯುವ ಅಂಗವಿಕಲರಿಗೆ ಎಷ್ಟು ಗಂಟೆ ಎಂಬುದನ್ನು ಮೊದಲು ನರ್ಸುಗಳು ನಿರ್ಧರಿಸುತ್ತಿದ್ದರು. 2016ರಲ್ಲಿ ಅದನ್ನು ಒಂದು ಸಾಫ್ಟ್‌ವೇರಿಗೆ ಒಪ್ಪಿಸಿದರು. ಹಲವರ ಗಂಟೆಗಳು ಏಕಾಏಕಿ ಇಳಿದವು. ಏಕೆಂದು ಕೇಳಿದರೆ ಮನೆಗೆ ಬಂದ ನರ್ಸಿಗೂ ಗೊತ್ತಿರಲಿಲ್ಲ. ಕಾನೂನು ನೆರವಿನ ವಕೀಲರು ಕೋರ್ಟಿಗೆ ಹೋಗಿ ಲೆಕ್ಕದ ಸೂತ್ರವನ್ನೇ ಹೊರತೆಗೆಸಿದಾಗ, ಸೆರೆಬ್ರಲ್ ಪಾಲ್ಸಿಯನ್ನು ಅದು ಸರಿಯಾಗಿ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ ಎಂಬುದು ಬೆಳಕಿಗೆ ಬಂತು. 'ನಿಮ್ಮ ಅಂಕ ಬದಲಾಗಿದೆ' ಎಂದಷ್ಟೇ ಬರೆದ ನೋಟಿಸಿನ ಹಿಂದೆ ಏನು ಅಡಗಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ.

ಕಾನೂನು ಟಿಪ್ಪಣಿ ಬರೆಯುವ ಕೆಲಸದಲ್ಲಿ ಪದೇ ಪದೇ ಆಗುವ ತಪ್ಪು, ಇಲಾಖೆಯ ಸಿಬ್ಬಂದಿ ಕೈಪಿಡಿಯನ್ನೇ ಕಾನೂನು ಎಂದು ಓದುವುದು. ಅದು ಹುಡುಕಲು ಸುಲಭ, ಭಾಷೆ ಸರಳ, ಹಾಗಾಗಿ ವಿದ್ಯಾರ್ಥಿಗಳು ಅಲ್ಲಿಂದ ಶುರು ಮಾಡಿ ಅಲ್ಲೇ ನಿಲ್ಲುತ್ತಾರೆ. ಕೇಂದ್ರದ ಕಾನೂನು, ಅದರ ಕೆಳಗೆ ಕೇಂದ್ರದ ನಿಯಮ, ರಾಜ್ಯಗಳಿಗೆ ಬರೆದ ಮಾರ್ಗದರ್ಶಿ ಪತ್ರಗಳು, ರಾಜ್ಯದ ಯೋಜನೆ ಮತ್ತು ಅದು ಪಡೆದ ವಿನಾಯಿತಿಗಳು, ರಾಜ್ಯದ ಕಾನೂನು, ಕಂಪನಿಯೊಂದಿಗಿನ ಕರಾರು, ಇವೆಲ್ಲ ಆದ ಮೇಲೆ ಕೈಪಿಡಿ. ಎರಡಕ್ಕೆ ಹೊಂದಾಣಿಕೆ ಇಲ್ಲದ ಜಾಗದಲ್ಲೇ ಪ್ರಕರಣ ಹುಟ್ಟುತ್ತದೆ. ಜೊತೆಗೆ, ಯಾವ ನಿಯಮ ಯಾವ ದಿನದಿಂದ ಜಾರಿ ಎಂದು ಪ್ರತಿ ಉಲ್ಲೇಖದ ಪಕ್ಕ ಬರೆಯಬೇಕು. 2025ರ ಜುಲೈ 4ರಂದು ಸಹಿಯಾದ ಕಾನೂನು ಬಹಳಷ್ಟನ್ನು ಕದಲಿಸಿದೆ: ವಿಸ್ತರಣೆಯಡಿ ಬರುವ ವಯಸ್ಕರು ತಿಂಗಳಿಗೆ 80 ಗಂಟೆ ಕೆಲಸ ಅಥವಾ ಅದಕ್ಕೆ ಸಮನಾದುದನ್ನು ತೋರಿಸಬೇಕೆಂಬ ಷರತ್ತು 2027ರ ಜನವರಿ 1ರೊಳಗೆ ಬರಬೇಕು, ಅವರ ನವೀಕರಣ ವರ್ಷಕ್ಕೊಮ್ಮೆ ಇದ್ದದ್ದು ಆರು ತಿಂಗಳಿಗೊಮ್ಮೆ ಆಗುತ್ತದೆ, ಅರ್ಜಿಗೆ ಹಿಂದಿನ ಮೂರು ತಿಂಗಳ ಆಸ್ಪತ್ರೆ ಬಿಲ್ಲಿಗೂ ಸಿಗುತ್ತಿದ್ದ ರಕ್ಷಣೆ ಅವರಿಗೆ ಒಂದೇ ತಿಂಗಳಿಗೆ, ಉಳಿದವರಿಗೆ ಎರಡಕ್ಕೆ ಇಳಿಯುತ್ತದೆ. ನವೀಕರಣ ಎರಡು ಪಟ್ಟಾದರೆ ನೋಟಿಸುಗಳೂ, ಕಳೆದುಹೋಗುವ ಕವರುಗಳೂ ಅಷ್ಟೇ ಹೆಚ್ಚುತ್ತವೆ.

ಕೆಲಸದ ಷರತ್ತು ಹೊಸದೇನಲ್ಲ. ಕೇಂದ್ರದ ನಿಯಮಗಳಿಂದ ವಿನಾಯಿತಿ ಪಡೆದು ಆರ್ಕನ್ಸಾ 2018ರಲ್ಲಿ ಇದೇ 80 ಗಂಟೆ ತಂದಿತ್ತು. ಮೊದಲ ತಿಂಗಳುಗಳಲ್ಲಿ ವರದಿ ಆನ್‌ಲೈನಿನಲ್ಲಿ ಮಾತ್ರ ಕೊಡಬೇಕಿತ್ತು. ಆ ವರ್ಷವೇ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. 2019ರ ಮಾರ್ಚಿನಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ತಡೆಯಿತು, 2020ರಲ್ಲಿ ಮೇಲಿನ ನ್ಯಾಯಾಲಯವೂ ಆ ತಡೆಯನ್ನು ಎತ್ತಿಹಿಡಿಯಿತು. ಕಾರಣ ಗಮನಿಸಬೇಕಾದದ್ದು: ಜನ ವಿಮೆ ಕಳೆದುಕೊಳ್ಳುತ್ತಾರೆ ಎಂಬ ಎಚ್ಚರಿಕೆ ಸಾರ್ವಜನಿಕ ಅಭಿಪ್ರಾಯಗಳಲ್ಲಿ ಬಂದಿದ್ದರೂ ಸರ್ಕಾರ ಅದನ್ನು ತೂಗಿ ನೋಡಿರಲಿಲ್ಲ. ವಿನಾಯಿತಿ ಅರ್ಜಿಗಳಿಗೆ ರಾಜ್ಯ ಮಟ್ಟದಲ್ಲಿ 30 ದಿನ, ಕೇಂದ್ರದಲ್ಲಿ ಮತ್ತೆ 30 ದಿನ ಅಭಿಪ್ರಾಯ ಸಲ್ಲಿಸಲು ಅವಕಾಶವಿರುತ್ತದೆ. ಬೇಸಿಗೆ ಫೆಲೋಗೆ ಇಂಥ ಅಭಿಪ್ರಾಯ ಬರೆಯಲು ಹೇಳಿದರೆ 'ಯಾರು ಓದುತ್ತಾರೆ' ಎಂದು ಬೇಸರಿಸಬಾರದು. ಅಲ್ಲಿ ಬರೆದಿಟ್ಟದ್ದು ದಾಖಲೆಗೆ ಸೇರುತ್ತದೆ, ಮುಂದೆ ನ್ಯಾಯಾಧೀಶರು ತೆರೆಯುವುದು ಆ ದಾಖಲೆಯನ್ನೇ. ಅಧ್ಯಯನಗಳನ್ನು ಬರೀ ಹೆಸರಿಸದೆ ಪೂರ್ತಿ ಪ್ರತಿಯನ್ನೇ ಲಗತ್ತಿಸುವುದು ಇದಕ್ಕಾಗಿಯೇ.

ಕೋರ್ಟಿನ ಬಾಗಿಲು ಮಾತ್ರ ಕಿರಿದಾಗುತ್ತಿದೆ. ರಾಜ್ಯ ಮೆಡಿಕೇಡ್ ಕಾನೂನು ಮುರಿದರೆ ಫಲಾನುಭವಿಗಳು ನಾಗರಿಕ ಹಕ್ಕುಗಳ ಕಾನೂನಿನ 1983ನೇ ಕಲಮಿನಡಿ ಫೆಡರಲ್ ಕೋರ್ಟಿಗೆ ಹೋಗುವ ದಾರಿಯೊಂದಿದೆ. ಸುಪ್ರೀಂ ಕೋರ್ಟಿನ 2023ರ ತಲೇವ್ಸ್ಕಿ ತೀರ್ಪು ಅದನ್ನು ಉಳಿಸಿತು. 2025ರ ಜೂನ್ 26ರಂದು ಬಂದ ಮೆಡಿನಾ ತೀರ್ಪಿನಲ್ಲಿ 6-3ರ ಬಹುಮತದಿಂದ, ಇಷ್ಟದ ವೈದ್ಯರನ್ನು ಆರಿಸಿಕೊಳ್ಳುವ ಮೆಡಿಕೇಡ್ ಕಲಮನ್ನು ವ್ಯಕ್ತಿಗಳು ಹಾಗೆ ಜಾರಿ ಮಾಡಿಸಿಕೊಳ್ಳಲಾಗದು ಎಂದಾಯಿತು. ಉಳಿದ ಕಲಮುಗಳ ಮೇಲೂ ಇದೇ ವಾದ ಬರುತ್ತದೆ. ದೊಡ್ಡ ದಾವೆಗಳ ಕನಸು ಹೊತ್ತು ಬಂದವರಿಗೆ ಇದು ಕಹಿ ಸುದ್ದಿ, ನನಗೂ ಕಹಿಯೇ. ಆದರೆ ಇಲಾಖೆಯ ವಿಚಾರಣೆ ಕೇಳುವ ಹಕ್ಕನ್ನು ಆ ತೀರ್ಪು ಮುಟ್ಟಿಲ್ಲ. ಹಾಗಾಗಿ ನೋಟಿಸು ಓದುವ, ಫೈಲು ಕೇಳುವ, ವೈದ್ಯರಿಂದ ಸರಿಯಾದ ಪತ್ರ ಬರೆಸುವ ಕೆಲಸದ ತೂಕ ಈಗ ಇನ್ನೂ ಹೆಚ್ಚಾಗಿದೆ.

ಅರ್ಜಿ ಹಾಕುವವರು ಸಂದರ್ಶನದಲ್ಲಿ ಒಂದೆರಡು ವಿಷಯ ಕೇಳಿ ತಿಳಿದುಕೊಳ್ಳಲಿ. ಸಂಬಳ ಸಂಸ್ಥೆ ಕೊಡುತ್ತದೆಯೋ, ನಿಮ್ಮ ಕಾಲೇಜಿನ ಅನುದಾನದಿಂದ ಬರಬೇಕೋ. ಕಾಲೇಜಿನದಾದರೆ ಅದರ ಅರ್ಜಿಯ ಗಡುವು ಬೇರೆಯೇ ಇರುತ್ತದೆ. ವಾರಕ್ಕೆ ಎಷ್ಟು ಹೊತ್ತು ಕಕ್ಷಿದಾರರೊಂದಿಗೆ ಮಾತು, ಎಷ್ಟು ಹೊತ್ತು ಸಂಶೋಧನೆ. ಬರೆದದ್ದನ್ನು ಯಾರು ತಿದ್ದುತ್ತಾರೆ.

ಹತ್ತು ವಾರ ಎಂದರೆ 70 ದಿನ. ವಿಚಾರಣೆ ಕೇಳಿದ ಮೇಲೆ ಅಂತಿಮ ತೀರ್ಮಾನಕ್ಕೆ ಇಲಾಖೆಗೆ ಸಾಮಾನ್ಯವಾಗಿ ಇರುವ ಅವಧಿ 90 ದಿನ. ಮೊದಲ ದಿನವೇ ಮನವಿ ಸಲ್ಲಿಸಿದ ಪ್ರಕರಣದ ಫಲವನ್ನೂ ಫೆಲೋ ಕಾಣದೆ ಹೋಗಬಹುದು. ಆದ್ದರಿಂದ ಕೊನೆಯ ವಾರವನ್ನು ಪೂರ್ತಿ ಹಸ್ತಾಂತರದ ಟಿಪ್ಪಣಿಗೆ ಮೀಸಲಿಡಬೇಕು. ಪ್ರತಿ ಫೈಲಿನ ಮೊದಲ ಪುಟದಲ್ಲಿ ಮುಂದಿನ ಗಡುವು ಯಾವುದು, ಅದು ಯಾವ ನಿಯಮದಿಂದ ಬಂತು, ಎಣಿಕೆ ಯಾವ ದಿನದಿಂದ ಎಂದಿರಲಿ. ಸೌಲಭ್ಯ ಮುಂದುವರಿಯುತ್ತಿದೆಯೋ ಇಲ್ಲವೋ ಎಂಬುದನ್ನು ಔಷಧಿ ಅಂಗಡಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡ ದಿನಾಂಕ ಇರಲಿ. ಆದೇಶವಿದ್ದೂ ಕಂಪ್ಯೂಟರಿನಲ್ಲಿ 'ವಿಮೆ ಇಲ್ಲ' ಎಂದು ತೋರಿಸುವುದು ಸಾಮಾನ್ಯ. ವೈದ್ಯರ ಕಡೆಯಿಂದ ಬರಬೇಕಾದ ಪತ್ರ ಯಾವ ಹಂತದಲ್ಲಿದೆ, ಕಕ್ಷಿದಾರರಿಗೆ ಯಾವ ಭಾಷೆಯ ದುಭಾಷಿ ಬೇಕು, ಯಾವ ಹೊತ್ತಿಗೆ ಫೋನ್ ಎತ್ತುತ್ತಾರೆ ಎಂಬುದೂ ಇರಲಿ. ಸೋತರೆ ಕೋರ್ಟಿಗೆ ಹೋಗಲು ಆ ರಾಜ್ಯದಲ್ಲಿ ಎಷ್ಟು ಕಾಲವಿದೆ ಎಂದು ಈಗಲೇ ಬರೆದಿಡಿ. ನ್ಯೂಯಾರ್ಕಿನಲ್ಲಾದರೆ ನಾಲ್ಕು ತಿಂಗಳು. ನೋಟಿಸಿನ ಮೂಲ ಪ್ರತಿ ಮತ್ತು ಅಂಚೆ ಮುದ್ರೆಯಿರುವ ಕವರು ಫೈಲಿನ ಯಾವ ಜೇಬಿನಲ್ಲಿದೆ ಎಂಬ ಸಾಲನ್ನು ಕೊನೆಯಲ್ಲಿ ಸೇರಿಸಿ, ಸಹಿ ಹಾಕಿ, ಮುಂದೆ ಫೈಲು ನೋಡಿಕೊಳ್ಳುವ ವಕೀಲರ ಕೈಗೇ ಕೊಡಿ.